ಯುಗಾದಿಗೆ ಗಡಿಗೆ ತುಂಬ ಬೇವು: ಯಾವುದು ಮೊದಲು, ಯಾವುದು ಕಡೆಗೆ

ಕಲಬುರಗಿ ಕಡೆ ಯುಗಾದಿ ದಿನ ಬೇವು ಅಂದ್ರೆ ಕುಡಿಯುವ ಬೇವು. ಹುಣಸೆಹುಳಿ, ಬೆಲ್ಲ, ಮಾವಿನಕಾಯಿ, ಪುಟಾಣಿ ಹಿಟ್ಟು, ಉತ್ತತ್ತಿ, ಮನೂಕ, ಹಸಿ ಹಣ್ಣು, ಮೇಲೆ ನಾಲ್ಕು ಎಸಳು ಬೇವಿನ ಹೂವು. ಹೊಸ ಗಡಿಗೆಯಲ್ಲಿ ಕಲಸಿ, ಪೂಜೆ ಮುಗಿಸಿ, ಮನೆಮಂದಿ ಕುಡಿದ ಮೇಲೆ ಓಣಿಯವರನ್ನೂ ಕರೆದು ಕುಡಿಸುತ್ತೇವೆ. ಸಾಮಾನು ಏನೇನು ಅಂತ ಯಾರಿಗೂ ಹೇಳಿಕೊಡಬೇಕಿಲ್ಲ. ಆದರೂ ಪ್ರತಿ ವರ್ಷ ಅದೇ ದೂರುಗಳು ಕೇಳಿಬರುತ್ತವೆ: ಕಹಿ ಜಾಸ್ತಿಯಾಯ್ತು, ಹತ್ತು ಗಂಟೆಗೆಲ್ಲ ಸೌಟು ನಿಲ್ಲುವಷ್ಟು ಗಟ್ಟಿಯಾಯ್ತು, ಮಧ್ಯಾಹ್ನ ಬೀಗರು ಬರುವ ಹೊತ್ತಿಗೆ ಮೇಲೆ ನೊರೆ ಬಂತು.

ಹೆಚ್ಚಿನ ಸಲ ಇದಕ್ಕೆಲ್ಲ ಕಾರಣ ಒಂದೇ. ನಸುಕಿನಲ್ಲಿ ಎದ್ದು ಎಲ್ಲ ಸಾಮಾನನ್ನೂ ಒಂದೇ ಸಲ ಗಡಿಗೆಗೆ ಹಾಕಿಬಿಡುತ್ತಾರೆ. ಹೂವು ನೀರಲ್ಲಿ ನೆನೆದಷ್ಟೂ ಕಹಿ ಬಿಡುತ್ತದೆ. ಪುಟಾಣಿ ಹಿಟ್ಟು ಕೂತಷ್ಟೂ ನೀರು ಕುಡಿದು ಉಬ್ಬುತ್ತದೆ. ಹೆಚ್ಚಿದ ಹಣ್ಣು ಬೆಲ್ಲದ ನೀರಲ್ಲಿ, ಅದೂ ಈ ಬಿಸಿಲಿನಲ್ಲಿ, ಬೇಗ ಹುದುಗುತ್ತದೆ. ಹಾಗಾಗಿ ಕೆಳಗಿನ ಕ್ರಮದಲ್ಲಿ ಎಲ್ಲವನ್ನೂ ಬೇರೆ ಬೇರೆ ತಯಾರು ಮಾಡಿಟ್ಟು, ಕುಡಿಯುವ ಹೊತ್ತಿಗೆ ಮಾತ್ರ ಬೆರೆಸುತ್ತೇವೆ. ಅದೂ ಒಂದೇ ಸಲ ಅಲ್ಲ, ಎರಡು ಸರದಿಯಲ್ಲಿ.

## ಸಾಮಾನು ಮತ್ತು ಪಾತ್ರೆ

ಈ ಅಳತೆಗೆ ಸುಮಾರು 6 ಲೀಟರ್ ಬೇವು ಆಗುತ್ತದೆ. 150 ಮಿಲಿ ಲೋಟದ ಲೆಕ್ಕದಲ್ಲಿ 40 ಲೋಟ.

- ಕುದಿಸಿ ಆರಿಸಿದ ನೀರು: 4 ಲೀಟರ್
- ಬೆಲ್ಲ: 800 ಗ್ರಾಂ
- ಹೊಸ ಹುಣಸೆಹಣ್ಣು: ಬೀಜ ತೆಗೆದದ್ದು 150 ಗ್ರಾಂ (ಬೀಜ ಸಮೇತ ಆದರೆ 250 ಗ್ರಾಂ)
- ಮಾವಿನಕಾಯಿ: ಮಧ್ಯಮ ಗಾತ್ರದ್ದು 1
- ಪುಟಾಣಿ ಹಿಟ್ಟು: 150 ಗ್ರಾಂ
- ಉತ್ತತ್ತಿ, ಮನೂಕ, ಗೋಡಂಬಿ: ತಲಾ 100 ಗ್ರಾಂ
- ಬಾದಾಮಿ 50 ಗ್ರಾಂ, ಚಾರೋಳಿ 25 ಗ್ರಾಂ
- ಒಣ ಕೊಬ್ಬರಿ ತುರಿ: 100 ಗ್ರಾಂ
- ಗಸಗಸೆ 2 ಚಮಚ, ಬಡೇಸೋಪು 1 ಚಮಚ, ಯಾಲಕ್ಕಿ 10
- ದ್ರಾಕ್ಷಿ ಅರ್ಧ ಕಿಲೋ, ಬಾಳೆಹಣ್ಣು 6, ಸೇಬು 2, ದಾಳಿಂಬೆ 1
- ಬಿಡಿಸಿದ ಬೇವಿನ ಹೂವು: 2 ದೊಡ್ಡ ಚಮಚ
- ಉಪ್ಪು: ಅರ್ಧ ಚಮಚ

ಪಾತ್ರೆಗಳಲ್ಲಿ 8 ಲೀಟರ್ ಹಿಡಿಯುವ ಮಣ್ಣಿನ ಗಡಿಗೆ ಒಂದು, ಮುಚ್ಚಳ ಇರುವ ಸ್ಟೀಲ್ ಪಾತ್ರೆ ಎರಡು, ಸಾಣಿಗೆ, ತೆಳು ಹತ್ತಿ ಬಟ್ಟೆ, ತುರಿಮಣೆ, ಉದ್ದ ಹಿಡಿಯ ಸೌಟು ಬೇಕು. ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಹುಣಸೆಹುಳಿ ಇಡಬೇಡಿ. ಹುಳಿ ಲೋಹವನ್ನು ಕರಗಿಸಿ ಪಾನಕಕ್ಕೆ ಬಿಡುತ್ತದೆ. ಕಲಾಯಿ ಹಾಕಿಸಿದ್ದಾದರೂ ಎಲ್ಲಿ ಸವೆದಿದೆ ಅಂತ ಕಣ್ಣಿಗೆ ಗೊತ್ತಾಗಲ್ಲ. ಅಲ್ಯೂಮಿನಿಯಂ ಪಾತ್ರೆಯೂ ಬೇಡ.

ಕೊಳ್ಳುವಾಗ ಎರಡು ಮಾತು ನೆನಪಿಡಿ. ಒಂದು, ಬೆಲ್ಲ. ತಿಳಿ ಹಳದಿ ಬಣ್ಣದಲ್ಲಿ ಫಳಫಳ ಹೊಳೆಯುವ ಬೆಲ್ಲಕ್ಕೆ ಬಣ್ಣ ತಿಳಿಯಾಗಲೆಂದು ರಾಸಾಯನಿಕ ಹಾಕಿರುವ ಸಾಧ್ಯತೆ ಜಾಸ್ತಿ. ಕಂದು ಬಣ್ಣದ ಪೆಂಟೆಯನ್ನೇ ಆರಿಸಿ. ಒಂದು ಚೂರು ಬಾಯಿಗೆ ಹಾಕಿ ನೋಡಿ, ಉಪ್ಪುಪ್ಪು ಅನ್ನಿಸಿದರೆ ಬಿಡಿ. ಎರಡು, ಪುಟಾಣಿ ಹಿಟ್ಟು. ಇದು ಹುರಿದ ಪುಟಾಣಿಯನ್ನು ಬೀಸಿದ ಹಿಟ್ಟು. ಭಜಿಗೆ ಬಳಸುವ ಕಡಲೆ ಹಿಟ್ಟು ಅಲ್ಲ. ಅವಸರದಲ್ಲಿ ಡಬ್ಬಿ ಅದಲುಬದಲಾಗುವುದು ಬಹಳ ಮನೆಗಳಲ್ಲಿ ಆಗುತ್ತದೆ. ಕಡಲೆ ಹಿಟ್ಟು ಹುರಿಯದ ಹಸಿ ಹಿಟ್ಟು, ಬೇಯಿಸದೆ ಕುಡಿದರೆ ಹಸಿ ವಾಸನೆಯೂ ಬರುತ್ತದೆ, ಹೊಟ್ಟೆಯೂ ಕೆಡುತ್ತದೆ. ಪುಟಾಣಿ ತಂದು ಮನೆಯ ಮಿಕ್ಸಿಯಲ್ಲೇ ಪುಡಿ ಮಾಡುವುದು ಒಳ್ಳೆಯದು. ಹಳೆ ಪುಡಿಯಾದರೆ ಮೂಗಿಗೆ ಹಿಡಿದು ನೋಡಿ, ಕಮಟು ಹತ್ತಿದ್ದರೆ ಬಳಸಬೇಡಿ. ಒಣ ಕೊಬ್ಬರಿಗೂ ಇದೇ ಪರೀಕ್ಷೆ.

## ಹಂತ 1: ಎರಡು ದಿನ ಮೊದಲು ಗಡಿಗೆ ಪಳಗಿಸುವುದು

ಹಬ್ಬದ ಮುನ್ನಾ ದಿನ ಸಂಜೆ ಗಡಿಗೆ ತಂದರೆ ತಡವಾಯ್ತು ಅಂತಲೇ ಲೆಕ್ಕ. ಹೊಸ ಗಡಿಗೆ ನೀರು ಕುಡಿಯುತ್ತದೆ, ಮಣ್ಣಿನ ಧೂಳು ಬಿಡುತ್ತದೆ, ಕೆಲವು ಸೋರುತ್ತವೆ ಕೂಡ.

ಕೊಳ್ಳುವಾಗ ಬೆರಳಿನಿಂದ ತಟ್ಟಿ. ಠಣ್ ಅಂದರೆ ಸರಿಯಾಗಿ ಸುಟ್ಟಿದೆ. ಬೊದ್ ಅಂದರೆ ಎಲ್ಲೋ ಬಿರುಕಿದೆ, ಇಲ್ಲವೇ ಸುಟ್ಟದ್ದು ಸಾಲದು. ಹೊರಗೆ ಪೂರ್ತಿ ಬಣ್ಣ ಬಳಿದ ಗಡಿಗೆ ನೋಡಲು ಚೆಂದ, ಕೆಲಸಕ್ಕೆ ಬಾರದು. ಮಣ್ಣಿನ ಸಣ್ಣ ರಂಧ್ರಗಳಿಂದ ನೀರು ಹೊರಗೆ ಜಿನುಗಿ ಆವಿಯಾದಾಗಲೇ ಒಳಗಿನದು ತಣ್ಣಗಾಗುವುದು. ಬಣ್ಣ ಆ ರಂಧ್ರ ಮುಚ್ಚಿಬಿಡುತ್ತದೆ. ಒಳಗಡೆ ಬಣ್ಣವೋ ಹೊಳಪೋ ಇರುವ ಗಡಿಗೆಯಲ್ಲಂತೂ ಹುಳಿ ಪದಾರ್ಥ ಹಾಕಲೇಬೇಡಿ.

ತಂದ ದಿನ ಬರೀ ನೀರಿನಲ್ಲಿ ತೊಳೆದು, ಕಂಠದವರೆಗೆ ನೀರು ತುಂಬಿ ರಾತ್ರಿಯಿಡೀ ಬಿಡಿ. ಮರುದಿನ ಚೆಲ್ಲಿ, ತೆಂಗಿನ ನಾರಿನಿಂದ ಒಳಗೆ ಉಜ್ಜಿ ಮತ್ತೆ ತುಂಬಿಡಿ. ಸೋಪು, ಪಾತ್ರೆ ತೊಳೆಯುವ ದ್ರಾವಣ ಮುಟ್ಟಿಸಬೇಡಿ, ಮಣ್ಣು ಅದನ್ನು ಹೀರಿಕೊಂಡು ಆಮೇಲೆ ಬೇವಿಗೆ ಬಿಡುತ್ತದೆ. ಎರಡನೇ ದಿನದ ನೀರನ್ನು ಒಂದು ಲೋಟಕ್ಕೆ ಹಾಕಿ ಬೆಳಕಿಗೆ ಹಿಡಿಯಿರಿ. ಇನ್ನೂ ಕದಡಿದ್ದರೆ ಮತ್ತೊಮ್ಮೆ ಬದಲಿಸಿ. ಕಡೆಗೆ ಒಂದು ಸಲ ಕುದಿಸಿ ಆರಿಸಿದ ನೀರಿನಿಂದ ಗಲಬರಿಸಿ.

## ಹಂತ 2: ಅಮಾವಾಸ್ಯೆ ರಾತ್ರಿ ಬೆಲ್ಲದ ನೀರು

ಹಬ್ಬದ ಬೆಳಿಗ್ಗೆ ಒಲೆ ಖಾಲಿ ಸಿಗಲ್ಲ. ಒಂದು ಕಡೆ ಎಣ್ಣೆಸ್ನಾನಕ್ಕೆ ನೀರು, ಇನ್ನೊಂದು ಕಡೆ ಹೋಳಿಗೆಗೆ ಬೇಳೆ. ಹಾಗಾಗಿ ಒಲೆಯ ಕೆಲಸವೆಲ್ಲ ಹಿಂದಿನ ರಾತ್ರಿಯೇ ಮುಗಿಯಬೇಕು.

ಬೆಲ್ಲ ಕುಟ್ಟಿ ಒಂದೂವರೆ ಲೀಟರ್ ನೀರಿಗೆ ಹಾಕಿ ಒಲೆ ಮೇಲಿಡಿ. ಕರಗಿ ಒಂದು ಕುದಿ ಬಂದ ಮೇಲೆ ಎರಡು ನಿಮಿಷ ಬಿಟ್ಟು ಇಳಿಸಿ. ಪಾಕ ಬರುವವರೆಗೆ ಕಾಯಿಸಬೇಡಿ. ಬೆಲ್ಲವನ್ನು ತಣ್ಣೀರಲ್ಲಿ ನೆನೆಸಿ ಕರಗಿಸುವವರು ಬಹಳ ಜನ. ಕರಗುವುದೇನೋ ಕರಗುತ್ತದೆ, ಆದರೆ ಬೆಲ್ಲದಲ್ಲಿರುವ ಹುದುಗಿಸುವ ಜೀವಾಣುಗಳೂ ಹಾಗೇ ಉಳಿಯುತ್ತವೆ. ಮಧ್ಯಾಹ್ನದ ನೊರೆಗೆ ಇಲ್ಲಿಂದಲೇ ದಾರಿಯಾಗುತ್ತದೆ. ಒಂದು ಕುದಿ ಕೊಟ್ಟರೆ ಬೇವು ಬಹಳ ಹೊತ್ತು ತಡೆಯುತ್ತದೆ.

ಇಳಿಸಿದ ಮೇಲೆ 20 ನಿಮಿಷ ಅಲುಗಾಡಿಸದೆ ಬಿಡಿ. ಮಣ್ಣು, ಕಬ್ಬಿನ ಸಿಪ್ಪೆ ಕೆಳಗೆ ಕೂರುತ್ತದೆ. ಬಟ್ಟೆ ಕಟ್ಟಿ ಮೆಲ್ಲಗೆ ಸೋಸಿ. ತಳದ ಎರಡು ಚಮಚವನ್ನು ಆಸೆಪಟ್ಟು ಹಿಂಡಬೇಡಿ, ಚೆಲ್ಲಿಬಿಡಿ. ಕುಡಿಯುವಾಗ ಹಲ್ಲಿಗೆ ಕರಕರ ಸಿಗುವುದು ಅದೇ. ಪೂರ್ತಿ ಆರಿದ ಮೇಲೆ ಮುಚ್ಚಿ ಫ್ರಿಜ್ಜಿನಲ್ಲಿಡಿ.

ಅದೇ ಒಲೆಯಲ್ಲಿ ಉಳಿದ ಎರಡೂವರೆ ಲೀಟರ್ ನೀರನ್ನೂ ಕುದಿಸಿ ಆರಿಸಿಡಿ. ಬೇವು ಬೇಯಿಸುವ ಪದಾರ್ಥ ಅಲ್ಲ, ಹಾಗಾಗಿ ನೀರಿನಲ್ಲಿ ಏನಿದೆಯೋ ಅದು ನೇರವಾಗಿ 40 ಮಂದಿಯ ಹೊಟ್ಟೆಗೆ ಹೋಗುತ್ತದೆ. ಫಿಲ್ಟರ್ ಇದ್ದರೂ ಹಬ್ಬಕ್ಕೆ ಬಂದವರಿಗಾಗಿ ಒಂದು ಸಲ ಕುದಿಸಿ.

ಮಲಗುವ ಮೊದಲು ಉತ್ತತ್ತಿಯನ್ನು ಬೀಜ ತೆಗೆದು, ಬಾದಾಮಿಯನ್ನು ಹಾಗೇ, ಬೇರೆ ಬೇರೆ ಬಟ್ಟಲಲ್ಲಿ ನೆನೆಹಾಕಿ ಫ್ರಿಜ್ಜಿನಲ್ಲಿಡಿ. ಉತ್ತತ್ತಿ ನೆನೆಯದಿದ್ದರೆ ಹಲ್ಲು ಬೀಳುವಷ್ಟು ಗಟ್ಟಿ. ಗಸಗಸೆ, ಬಡೇಸೋಪನ್ನು ಬಿಸಿ ಬಾಣಲೆಯಲ್ಲಿ ಘಮ್ಮೆನ್ನುವವರೆಗೆ ಮಾತ್ರ ಹುರಿದು, ಯಾಲಕ್ಕಿ ಜೊತೆ ಪುಡಿ ಮಾಡಿ ಡಬ್ಬಿಗೆ ಹಾಕಿ.

## ಹಂತ 3: ಬೆಳಿಗ್ಗೆ ಹುಣಸೆಹುಳಿ

ಯುಗಾದಿಗೆ ಹೊಸ ಹುಣಸೆ ಬಂದಿರುತ್ತದೆ. ಅದನ್ನೇ ಬಳಸಿ. ಹಳೆ ಹುಣಸೆ ಕಪ್ಪಾಗಿರುತ್ತದೆ, ಬೇವಿನ ಬಣ್ಣವನ್ನೂ ಕಪ್ಪು ಮಾಡುತ್ತದೆ.

ಓಡು, ನಾರು, ಬೀಜ ತೆಗೆದು ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಸಿ. ಕೈಯಿಂದ ಚೆನ್ನಾಗಿ ಕಿವುಚಿ ಸಾಣಿಗೆಯಲ್ಲಿ ಸೋಸಿ. ಉಳಿದ ಗಷ್ಟಿಗೆ ಇನ್ನರ್ಧ ಲೀಟರ್ ನೀರು ಹಾಕಿ ಎರಡನೇ ಸಲ ಕಿವುಚಿ ಸೋಸಿ. ಬಟ್ಟೆಯಲ್ಲಿ ಸೋಸಲು ಹೋಗಬೇಡಿ, ತಿರುಳು ಒಳಗೇ ಉಳಿದು ಬರೀ ಹುಳಿನೀರು ಬರುತ್ತದೆ. ಬೇವಿಗೆ ತಿರುಳು ಬೇಕು.

ಮಾವಿನಕಾಯಿಯ ತೊಟ್ಟು ಕತ್ತರಿಸಿ, ತಲೆಕೆಳಗೆ ಮಾಡಿ ಸ್ವಲ್ಪ ಹೊತ್ತು ಇಡಿ. ಸೊನೆ ಇಳಿದ ಮೇಲೆ ತೊಳೆದು ಸಿಪ್ಪೆ ತೆಗೆದು ತುರಿಯಿರಿ. ಸೊನೆ ತೊಳೆಯದಿದ್ದರೆ ಗಂಟಲು ಕೆರೆಯುತ್ತದೆ. ಆ ಕೆರೆತಕ್ಕೆ ಪಾಪ ಬೇವಿನ ಹೂವಿನ ಮೇಲೆ ಅಪವಾದ ಬರುತ್ತದೆ.

## ಹಂತ 4: ಹೂವು ಆರಿಸುವುದು, ಬಿಡಿಸುವುದು

ಈ ಹಂತಕ್ಕೆ ಸಮಯ ಕೊಡಿ. ಬೇವಿನ ರುಚಿ ಕೆಡುವುದೂ ಉಳಿಯುವುದೂ ಇಲ್ಲೇ.

ಯುಗಾದಿ ಪ್ರತಿ ವರ್ಷ ಒಂದೇ ತಾರೀಖಿಗೆ ಬರಲ್ಲ. 2024ರ ಯುಗಾದಿ ಏಪ್ರಿಲ್ 9, 2025ರದ್ದು ಮಾರ್ಚ್ 30, 2026ರದ್ದು ಮಾರ್ಚ್ 19. ಮೂರು ವಾರದ ವ್ಯತ್ಯಾಸ ಅಂದರೆ ಮರದ ಮೇಲೆ ಬಹಳ ವ್ಯತ್ಯಾಸ. ಹಬ್ಬ ಮುಂಚೆ ಬಂದರೆ ಬರೀ ಮೊಗ್ಗು ಸಿಗಬಹುದು. ತಡವಾಗಿ ಬಂದರೆ ಹೂವು ಉದುರಿ ಎಳೆ ಕಾಯಿ ಕಟ್ಟಲು ಶುರುವಾಗಿರುತ್ತದೆ. ಒಂದು ವಾರ ಮೊದಲೇ ನಿಮ್ಮ ಓಣಿಯ ಮರ ನೋಡಿಕೊಂಡು ಬನ್ನಿ. ಮೊಗ್ಗು ಮಾತ್ರ ಇದ್ದರೆ ಅಳತೆಯನ್ನು ಅರ್ಧಕ್ಕಿಳಿಸಿ, ಏಕೆಂದರೆ ಮೊಗ್ಗಿನ ಜೊತೆ ಹಸಿರು ಭಾಗ ಹೋಗುತ್ತದೆ. ಎಳೆ ಕಾಯಿ ಹಾಕಲೇಬೇಡಿ.

ಒಂದು ಹೂವನ್ನು ಅಂಗೈ ಮೇಲಿಟ್ಟು ನೋಡಿ. ಐದು ಬಿಳಿ ಎಸಳು, ನಡುವೆ ತಿಳಿ ಹಳದಿ ಛಾಯೆಯ ಪುಟ್ಟ ಕೊಳವೆ, ಕೆಳಗೆ ಹಸಿರು ತೊಟ್ಟು, ಮೂಗಿನ ಹತ್ತಿರ ಹಿಡಿದರೆ ಜೇನಿನ ಪರಿಮಳ. ಎಸಳಲ್ಲಿ ಕಹಿ ಕಡಿಮೆ. ಹಸಿರು ತೊಟ್ಟು, ಕಡ್ಡಿ, ಎಲೆಯಲ್ಲಿ ಕಹಿ ಜಾಸ್ತಿ. "ಅಕ್ಕೋರೆ, ಈ ಸಲ ನಿಮ್ಮ ಬೇವು ಭಾಳ ಕಹಿ ಆಗ್ಯಾದ ನೋಡ್ರಿ" ಅಂತ ಓಣಿಯವರು ಅಂದರೆ, ಗೊಂಚಲನ್ನೇ ಹಿಸುಕಿ ಹಾಕಿದ್ದಾರೆ ಅಂತ ತಿಳಿಯಿರಿ.

ಬಿಡಿಸುವ ರೀತಿ ಹೀಗೆ. ಗೊಂಚಲನ್ನು ಬಿಳಿ ಬಟ್ಟೆ ಮೇಲೆ ಹರಡಿ ಹತ್ತು ನಿಮಿಷ ನೆರಳಲ್ಲಿಡಿ, ಇರುವೆ ಹೊರಗೆ ಹೋಗುತ್ತವೆ. ಆಮೇಲೆ ಗೊಂಚಲನ್ನು ತಲೆಕೆಳಗೆ ಹಿಡಿದು ಎರಡು ಬೆರಳಿನಿಂದ ಮೆಲ್ಲಗೆ ಸವರಿ. ಅರಳಿದ ಎಸಳು ತಾನಾಗಿ ಉದುರುತ್ತದೆ. ಉದುರದ್ದನ್ನು ಕೀಳಬೇಡಿ. ಸಾಣಿಗೆಯಲ್ಲಿ ಹಾಕಿ ನೀರಿನ ಬಟ್ಟಲಲ್ಲಿ ಒಂದು ಸಲ ಮುಳುಗಿಸಿ ಎತ್ತಿ, ಬಟ್ಟೆ ಮೇಲೆ ಆರಲು ಬಿಡಿ. ನಲ್ಲಿ ಕೆಳಗೆ ಹಿಡಿದರೆ ಅರ್ಧ ಹೂವು ಕೊಚ್ಚಿಹೋಗುತ್ತದೆ.

ಎಚ್ಚರಿಕೆ: ಊರ ಕಡೆ ಹುಚ್ಚುಬೇವು ಎನ್ನುವ ಇನ್ನೊಂದು ಮರವಿದೆ. ಅದರ ಹೂವಿನ ಎಸಳು ನಸುನೇರಳೆ, ನಡುವಿನ ಕೊಳವೆ ಕಡು ನೇರಳೆ. ಅದು ವಿಷ. ಎಸಳು ಬಿಳಿಯಲ್ಲದಿದ್ದರೆ, ನಡುವೆ ನೇರಳೆ ಕಂಡರೆ ಮುಟ್ಟಬೇಡಿ. ಹೆದ್ದಾರಿ ಪಕ್ಕದ ಧೂಳಿನ ಮರ, ಔಷಧಿ ಹೊಡೆದ ಹೊಲದ ಬದುವಿನ ಮರವೂ ಬೇಡ.

## ಹಂತ 5: ಪುಟಾಣಿ ಹಿಟ್ಟು ಕಲಸುವುದು

ಹಿಟ್ಟನ್ನು ಸಾಣಿಗೆಯಲ್ಲಿ ಸಾಣಿಸಿ. ಒಟ್ಟು 150 ಗ್ರಾಂನಲ್ಲಿ ಅರ್ಧ ಮಾತ್ರ ಈಗ ತೆಗೆದುಕೊಳ್ಳಿ. ಬಟ್ಟಲಿಗೆ ಹಾಕಿ ಮೊದಲು ನಾಲ್ಕೈದು ಚಮಚ ತಣ್ಣೀರು ಸೇರಿಸಿ ಗಟ್ಟಿಯಾಗಿ ಕಲಸಿ. ಗಂಟು ಒಡೆಯುವುದು ಗಟ್ಟಿ ಇದ್ದಾಗಲೇ. ನುಣ್ಣಗಾದ ಮೇಲೆ ಉಳಿದ ನೀರು ಸೇರಿಸಿ ಕಾಲು ಲೀಟರ್ ತೆಳು ಹಿಟ್ಟಿನ ನೀರು ಮಾಡಿಕೊಳ್ಳಿ.

ಒಣ ಹಿಟ್ಟನ್ನು ನೇರವಾಗಿ ಗಡಿಗೆಗೆ ಉದುರಿಸಿದರೆ ಮೇಲೆ ತೇಲುವ ಗಂಟುಗಳಾಗುತ್ತವೆ. ಸೌಟಿನಿಂದ ಎಷ್ಟು ತಿರುವಿದರೂ ಒಡೆಯಲ್ಲ, ಒಳಗೆ ಒಣ ಹಿಟ್ಟು ಹಾಗೇ ಉಳಿದು ಬಾಯಿಗೆ ಸಿಗುತ್ತದೆ. ಬಿಸಿನೀರಲ್ಲಿ ಕಲಸಿದರೂ ಅದೇ ಗತಿ.

## ಹಂತ 6: ಬೆರೆಸುವ ಕ್ರಮ

ಪೂಜೆಗೆ ಅರ್ಧ ಗಂಟೆ ಇರುವಾಗ ಶುರು ಮಾಡಿ. ಎಲ್ಲದರಲ್ಲೂ ಅರ್ಧ ಮಾತ್ರ ಗಡಿಗೆಗೆ. ಉಳಿದರ್ಧ ಬೆಲ್ಲದ ನೀರು, ಹುಳಿ, ಮಾವಿನ ತುರಿ ಫ್ರಿಜ್ಜಿನಲ್ಲಿರಲಿ.

1. ಬೆಲ್ಲದ ನೀರು, ಹುಣಸೆಹುಳಿ, ಅರ್ಧ ಲೀಟರ್ ಆರಿದ ನೀರು, ಉಪ್ಪು ಹಾಕಿ ತಿರುವಿ. ಈಗಲೇ ರುಚಿ ನೋಡಿ. ಈ ಹಂತದಲ್ಲಿ ಹುಳಿ, ಸಿಹಿ ಎರಡೂ ಬೇಕಾದ್ದಕ್ಕಿಂತ ಒಂದು ಹಿಡಿ ಮುಂದೇ ಇರಬೇಕು. ಹಿಟ್ಟು, ಹಣ್ಣು ಬಿದ್ದ ಮೇಲೆ ಎರಡೂ ತಗ್ಗುತ್ತವೆ. ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಇನ್ನೂ ಕಡಿಮೆ ಅನ್ನಿಸುತ್ತದೆ. ಈಗಲೇ ಹದ ಸರಿಯಾಗಿದೆ ಅನ್ನಿಸಿದರೆ ಲೋಟದಲ್ಲಿ ಸಪ್ಪೆ ಆಗುತ್ತದೆ.

2. ಹಿಟ್ಟಿನ ನೀರನ್ನು ಸಣ್ಣ ಧಾರೆಯಾಗಿ ಬಿಡುತ್ತಾ ತಿರುವಿ. ಸೌಟಿನಿಂದ ಎತ್ತಿ ಸುರಿದರೆ ಧಾರೆ ಕಡಿಯದೆ, ಸದ್ದಿಲ್ಲದೆ ಬೀಳಬೇಕು. ಈಗ ಸ್ವಲ್ಪ ತೆಳ್ಳಗಿದೆ ಅನ್ನಿಸಿದರೆ ಹಿಟ್ಟು ಮತ್ತೆ ಹಾಕಲು ಹೋಗಬೇಡಿ. ಕಾಲು ಗಂಟೆಯಲ್ಲಿ ತಾನೇ ಹದಕ್ಕೆ ಬರುತ್ತದೆ.

3. ಮಾವಿನ ತುರಿ, ನೆನೆದ ಉತ್ತತ್ತಿ ಚೂರು, ಸಿಪ್ಪೆ ತೆಗೆದು ಸೀಳಿದ ಬಾದಾಮಿ, ಮನೂಕ, ಚಾರೋಳಿ, ಕೊಬ್ಬರಿ ತುರಿ ಹಾಕಿ. ಗೋಡಂಬಿಯನ್ನು ತುಂಡು ಮಾಡಿ ಇದರ ಜೊತೆಗೇ ಹಾಕಬಹುದು. ಅದು ಗರಿಗರಿ ಇರಬೇಕೆಂದರೆ ಲೋಟಕ್ಕೆ ಮೇಲಿಂದ ಉದುರಿಸಿ, ನನಗೆ ಅದೇ ಇಷ್ಟ.

4. ಈಗ ಹಸಿ ಹಣ್ಣು. ಗಟ್ಟಿಯದು ಮೊದಲು, ಮೆತ್ತನೆಯದು ಕಡೆಗೆ. ಸೇಬನ್ನು ಹೆಚ್ಚಿದ ಕೂಡಲೇ ಗಡಿಗೆಗೆ ಹಾಕಿ, ಹುಣಸೆಹುಳಿಯಲ್ಲಿ ಅದು ಕಂದಾಗುವುದಿಲ್ಲ. ತಟ್ಟೆಯಲ್ಲಿ ಹೆಚ್ಚಿಟ್ಟು ಹೂವು ಕಟ್ಟಲು ಹೋದರೆ ಬರುವಷ್ಟರಲ್ಲಿ ಬಣ್ಣ ಹೋಗಿರುತ್ತದೆ. ದ್ರಾಕ್ಷಿಯನ್ನು ಉಪ್ಪು ನೀರಲ್ಲಿ 10 ನಿಮಿಷ ಬಿಟ್ಟು ಎರಡು ಸಲ ತೊಳೆದು, ಉದ್ದಕ್ಕೆ ಎರಡು ಸೀಳು ಮಾಡಿ. ಇಡೀ ದ್ರಾಕ್ಷಿ ಸಣ್ಣ ಮಕ್ಕಳ ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಆಮೇಲೆ ದಾಳಿಂಬೆ ಕಾಳು, ಎಲ್ಲಕ್ಕಿಂತ ಕಡೆಗೆ ಬಾಳೆಹಣ್ಣಿನ ಬಿಲ್ಲೆ. ಬಾಳೆ ಹಾಕಿದ ಮೇಲೆ ಜೋರಾಗಿ ತಿರುವಬೇಡಿ, ಕಲಸಿಹೋಗುತ್ತದೆ.

5. ಮಸಾಲೆ ಪುಡಿ ಹಾಕಿ ಮುಚ್ಚಿ.

6. ನೈವೇದ್ಯಕ್ಕೆ ಒಯ್ಯುವ ಹೊತ್ತಿಗೆ ಹೂವು. ಮೊದಲು ಅರ್ಧ ಚಮಚ ಹಾಕಿ ಒಂದು ಸುತ್ತು ತಿರುವಿ, ಐದು ನಿಮಿಷ ಬಿಟ್ಟು ರುಚಿ ನೋಡಿ. ಬೇಕಾದರೆ ಇನ್ನರ್ಧ. ಕಹಿ ನಾಲಿಗೆಯ ಹಿಂಬದಿಗೆ ಕಡೆಯಲ್ಲಿ ತಾಗಬೇಕು, ಬಾಯಿಗಿಟ್ಟ ಕೂಡಲೇ ಅಲ್ಲ.

ಹಾಲು, ಮೊಸರು ಸೇರಿಸಲು ಹೋಗಬೇಡಿ. ಹುಣಸೆಗೆ ಹಾಲು ಒಡೆಯುತ್ತದೆ. ಕಲ್ಲಂಗಡಿ, ಕರಬೂಜ ಈ ಕಾಲಕ್ಕೆ ಯಾದಗಿರಿ, ಕಲಬುರಗಿ ಸಂತೆಗಳಲ್ಲಿ ರಾಶಿ ರಾಶಿ ಸಿಗುತ್ತವೆ, ಆದರೆ ನೀರು ಬಿಟ್ಟು ಬೇವನ್ನು ತೆಳ್ಳಗೆ ಮಾಡುತ್ತವೆ. ಹಾಕಲೇಬೇಕೆಂದರೆ ಲೋಟಕ್ಕೆ ಹಾಕಿ. ಬಾಟಲಿಯ ಸೋಡಾ, ಬಣ್ಣದ ಶರಬತ್ತು ಸೇರಿಸುವ ಹೊಸ ರೂಢಿ ಅಲ್ಲಲ್ಲಿ ಶುರುವಾಗಿದೆ. ನನ್ನ ಮಟ್ಟಿಗೆ ಅದು ಬೇವಲ್ಲ. ಮಾವಿನಕಾಯಿ, ಹೊಸ ಹುಣಸೆ, ಹೂವು ಈ ಮೂರರ ಪರಿಮಳವೂ ಅದರಲ್ಲಿ ಮುಚ್ಚಿಹೋಗುತ್ತದೆ.

## ಹಂತ 7: ತಣ್ಣಗಿಡುವುದು, ಕೊಡುವುದು

ಗಡಿಗೆಯನ್ನು ಹಸಿ ಮರಳು ತುಂಬಿದ ಬುಟ್ಟಿಯಲ್ಲಿ ಕೂರಿಸಿ. ಸುತ್ತ ಒದ್ದೆ ಬಟ್ಟೆ ಸುತ್ತಿ, ಗಾಳಿಯಾಡುವ ನೆರಳಲ್ಲಿಡಿ. ನಮ್ಮ ಕಡೆಯ ಒಣ ಗಾಳಿಗೆ ನೀರು ಬೇಗ ಆವಿಯಾಗಿ ಗಡಿಗೆ ಚೆನ್ನಾಗಿ ತಣ್ಣಗಾಗುತ್ತದೆ. ಮುಚ್ಚಿದ ದೇವರ ಕೋಣೆಯಲ್ಲಿ ದೀಪಗಳ ನಡುವೆ ಇಟ್ಟರೆ ತಣ್ಣಗಾಗಲ್ಲ. ನೈವೇದ್ಯ ಆದ ಕೂಡಲೇ ಹೊರಗೆ ತನ್ನಿ. ಆದರೆ ಗಡಿಗೆ ಫ್ರಿಜ್ ಅಲ್ಲ. ಅದು ತಂಪು ಕಾಯುತ್ತದೆ, ಕೆಡುವುದನ್ನು ತಡೆಯಲ್ಲ.

ಐಸ್ ಬೇಕಾದರೆ ಕುದಿಸಿದ ನೀರಿನಿಂದ ಮನೆಯಲ್ಲೇ ಮಾಡಿಕೊಂಡು ಲೋಟಕ್ಕೆ ಹಾಕಿ. ದೊಡ್ಡ ಗಡ್ಡೆ ಐಸು ಸಾಮಾನ್ಯವಾಗಿ ಪದಾರ್ಥ ತಂಪಾಗಿಡಲು ಮಾಡಿದ್ದು, ತಿನ್ನಲು ಅಲ್ಲ. ಗಡಿಗೆಗಂತೂ ಐಸು ಹಾಕಬೇಡಿ, ಕರಗಿ ರುಚಿ ನೀರಾಗುತ್ತದೆ.

ಹೊರಗೆ 32 ಡಿಗ್ರಿ ದಾಟಿದ್ದರೆ ಹಣ್ಣು ಬೆರೆಸಿದ ಬೇವನ್ನು ಒಂದು ಗಂಟೆಯೊಳಗೆ ಖಾಲಿ ಮಾಡಿ. ಬೆಳಗಿನ ತಂಪಿದ್ದರೆ ಎರಡು ಗಂಟೆ. ಬೀದರ್ ಸ್ವಲ್ಪ ಎತ್ತರದಲ್ಲಿದೆ, ಅಲ್ಲಿ ಬೆಳಿಗ್ಗೆ ತುಸು ಹೆಚ್ಚು ಹೊತ್ತು ತಂಪು ಸಿಗುತ್ತದೆ. ಕಲಬುರಗಿ, ಯಾದಗಿರಿಯಲ್ಲಿ ಹತ್ತು ಗಂಟೆಗೆಲ್ಲ ಬಿಸಿಲು ಏರಿರುತ್ತದೆ. ಎರಡು ಸರದಿ ಮಾಡಿ ಅಂತ ಒತ್ತಿ ಹೇಳುವುದು ಇದಕ್ಕೇ. ಹನ್ನೊಂದಕ್ಕೆ ಬರುವವರಿಗೆ ಫ್ರಿಜ್ಜಿನಲ್ಲಿರುವ ಉಳಿದರ್ಧ ತೆಗೆದು, ಹಣ್ಣು ಆಗಲೇ ಹೆಚ್ಚಿ, ಹಿಟ್ಟು ಆಗಲೇ ಕಲಸಿ ಬೆರೆಸಿ. ಹತ್ತು ನಿಮಿಷದ ಕೆಲಸ. ಮೊದಲ ಸರದಿಯ ಉಳಿಕೆಗೆ ಇದನ್ನು ಸುರಿಯಬೇಡಿ. ಹಳೆಯದರಲ್ಲಿ ಹುದುಗು ಶುರುವಾಗಿದ್ದರೆ ಹೊಸದಕ್ಕೂ ಹತ್ತುತ್ತದೆ.

ಪ್ರತಿ ಲೋಟಕ್ಕೂ ತಳದಿಂದ ತಿರುವಿ ಕೊಡಿ, ಹಿಟ್ಟು ಕೆಳಗೆ ಕೂತಿರುತ್ತದೆ. ಚಮಚ ಜೊತೆಗಿರಲಿ.

ಗರ್ಭಿಣಿಯರಿಗೆ, ಸಣ್ಣ ಮಕ್ಕಳಿಗೆ ಹೂವು ಹಾಕುವ ಮೊದಲೇ ಬೇರೆ ಪಾತ್ರೆಗೆ ತೆಗೆದಿಡಿ. ಮಕ್ಕಳ ಲೋಟಕ್ಕೆ ಬಾದಾಮಿ, ಗೋಡಂಬಿ ಇಡಿಯಾಗಿ ಬೇಡ. ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ "ಬೆಲ್ಲ ಅಲ್ವಾ, ಏನೂ ಆಗಲ್ಲ" ಅಂತ ಒತ್ತಾಯ ಮಾಡಬೇಡಿ. ಬೆಲ್ಲವೂ ರಕ್ತದ ಸಕ್ಕರೆ ಏರಿಸುತ್ತದೆ. ಪೂಜೆಯ ಪ್ರಸಾದವೆಂದು ಎರಡು ಚಮಚ ಕೊಟ್ಟರೆ ಸಾಕು. ಮನೆಗೆ ಬಂದವರಿಗೆ ಗೋಡಂಬಿ, ಬಾದಾಮಿ ಒಗ್ಗುತ್ತದೆಯೇ ಅಂತ ಒಂದು ಮಾತು ಕೇಳಿ.

## ಕೆಟ್ಟದ್ದು ಗುರುತಿಸುವುದು, ಸರಿಪಡಿಸುವುದು

ಗಟ್ಟಿಯಾದರೆ ಆರಿದ ನೀರಿಗೆ ಒಂದಿಷ್ಟು ಬೆಲ್ಲದ ನೀರು ಸೇರಿಸಿ ತೆಳ್ಳಗೆ ಮಾಡಿ. ಬರೀ ನೀರು ಸುರಿದರೆ ಸಪ್ಪೆಯಾಗುತ್ತದೆ. ಇದಕ್ಕಾಗಿಯೇ ಬೆಲ್ಲದ ನೀರನ್ನು ಒಂದು ಲೋಟ ಜಾಸ್ತಿ ಇಟ್ಟುಕೊಳ್ಳಿ.

ಕಹಿ ಹೆಚ್ಚಾದರೆ ಕೂಡಲೇ ಸಾಣಿಗೆಯ ಸೌಟಿನಿಂದ ತೇಲುವ ಹೂವು ತೆಗೆದು, ಬೆಲ್ಲದ ನೀರು, ಒಂದು ಚಿಟಿಕೆ ಉಪ್ಪು, ಇನ್ನೊಂದು ಬಾಳೆಹಣ್ಣು ಹಾಕಿ. ಉಪ್ಪು ಕಹಿಯನ್ನು ತಗ್ಗಿಸುತ್ತದೆ. ಅರ್ಧ ಗಂಟೆ ಕಳೆದಿದ್ದರೆ ಕಹಿ ನೀರಿಗೇ ಇಳಿದಿರುತ್ತದೆ, ಆಗ ಹೂವಿಲ್ಲದ ಎರಡನೇ ಸರದಿಯೊಂದಿಗೆ ಲೋಟದಲ್ಲಿ ಅರ್ಧರ್ಧ ಬೆರೆಸಿ ಕೊಡುವುದೊಂದೇ ದಾರಿ.

ಇನ್ನು ಇವು ಕಂಡರೆ ಯೋಚಿಸದೆ ಚೆಲ್ಲಿ: ತಿರುವದೆ ಬಿಟ್ಟರೂ ಮೇಲೆ ಸಣ್ಣ ಗುಳ್ಳೆಗಳು ಏಳುವುದು, ಮುಚ್ಚಳ ತೆಗೆದಾಗ ಹೆಂಡದಂಥ ವಾಸನೆ, ನಾಲಿಗೆಗೆ ಚುರುಚುರು, ಸೌಟು ಎತ್ತಿದರೆ ನೂಲಿನಂತೆ ಜಗ್ಗುವುದು. ಕಲಸುವಾಗ ಬರುವ ನೊರೆ ಐದು ನಿಮಿಷದಲ್ಲಿ ಇಳಿಯುತ್ತದೆ, ಅದಕ್ಕೆ ಹೆದರಬೇಡಿ. ಇಳಿದ ಮೇಲೆ ಮತ್ತೆ ಬಂದರೆ ಹುದುಗಿದೆ ಅಂತಲೇ ಅರ್ಥ. ಅದನ್ನು ಕುದಿಸಿ, ಬೆಲ್ಲ ಹಾಕಿ ಉಳಿಸಲು ನೋಡಬೇಡಿ.

## ನೂರು ಮಂದಿಗೆ ಮಾಡುವುದಾದರೆ

ಗುಡಿಯಲ್ಲೋ ಕಾಲೋನಿಯಲ್ಲೋ ಒಟ್ಟಿಗೆ ಮಾಡುವಾಗ ಎಲ್ಲವನ್ನೂ ಎರಡೂವರೆ ಪಟ್ಟು ಮಾಡುವುದು ದೊಡ್ಡ ತಪ್ಪು. ನೀರು, ಬೆಲ್ಲ, ಹಣ್ಣು ಹಾಗೆ ಹೆಚ್ಚಲಿ: ನೀರು 10 ಲೀಟರ್, ಬೆಲ್ಲ 2 ಕಿಲೋ. ಹುಣಸೆ 325 ಗ್ರಾಂನಿಂದ ಶುರು ಮಾಡಿ ರುಚಿ ನೋಡಿ ಏರಿಸಿ. ಹಿಟ್ಟು 300 ಗ್ರಾಂ ದಾಟಬೇಡಿ, ಬೇವು ದೊಡ್ಡ ಪಾತ್ರೆಯಲ್ಲಿ ಹೆಚ್ಚು ಹೊತ್ತು ಕೂತಿರುವುದರಿಂದ ಹೆಚ್ಚು ಉಬ್ಬುತ್ತದೆ. ಯಾಲಕ್ಕಿ, ಹೂವು ಒಂದೂವರೆ ಪಟ್ಟು ಸಾಕು. ಒಂದೇ ಹಂಡೆಗೆ ಬದಲು ನಾಲ್ಕು ಗಡಿಗೆ ಇಟ್ಟು, ಒಂದು ಮುಗಿಯುತ್ತಿರುವಾಗ ಇನ್ನೊಂದಕ್ಕೆ ಹಣ್ಣು ಹೆಚ್ಚಿ ಹಾಕಿ. ಹೆಚ್ಚುವವರು, ಬಡಿಸುವವರು ಬೇರೆ ಬೇರೆ ಇರಲಿ.

## ಹಂತ 8: ಗಡಿಗೆ ತೊಳೆಯುವುದು

ಅದೇ ದಿನ ತೊಳೆಯಿರಿ. ಮರುದಿನಕ್ಕೆ ಬಿಟ್ಟರೆ ಬೆಲ್ಲ ಮಣ್ಣಿನೊಳಗೆ ಹೀರಿ ಬೂಸ್ಟು ಹಿಡಿಯುತ್ತದೆ. ಬಿಸಿನೀರು ಹಾಕಿ ಅರ್ಧ ಗಂಟೆ ಬಿಟ್ಟು, ಹರಳುಪ್ಪು ಮತ್ತು ತೆಂಗಿನ ನಾರಿನಿಂದ ಉಜ್ಜಿ. ಎರಡು ಸಲ ಬಿಸಿನೀರು ಬದಲಿಸಿ. ಆಮೇಲೆ ಬೋರಲು ಹಾಕದೆ, ಬಾಯಿ ಮೇಲೆ ಮಾಡಿ ಎರಡು ದಿನ ಬಿಸಿಲಿಗಿಡಿ. ಒಳಗೆ ಮೂಗು ಹಿಡಿದಾಗ ಬರೀ ಮಣ್ಣಿನ ವಾಸನೆ ಬಂದರೆ ಬೇಸಿಗೆ ಮುಗಿಯುವವರೆಗೆ ಕುಡಿಯುವ ನೀರಿಗೆ ಬಳಸಬಹುದು. ಹುಳಿ ವಾಸನೆ ಉಳಿದಿದ್ದರೆ ಮತ್ತೊಮ್ಮೆ ಬಿಸಿನೀರು, ಮತ್ತೊಂದು ದಿನ ಬಿಸಿಲು.